ರಾಧಾಕೃಷ್ಣೈಟ್

ರಾಧಾಕೃಷ್ಣೈಟ್ ಎಂಬುದು ಸೀಸ, ಟೆಲ್ಯೂರಿಯಂ ಮತ್ತು ಕ್ಲೋರಿನ್‌ಗಳಿಂದಾದ, ಕ್ಲೋರಿನ್ನಿನ ಒಂದಷ್ಟು ಜಾಗವನ್ನು ಗಂಧಕ ಆಕ್ರಮಿಸಿರುವ, ಅತಿ ವಿರಳವಾದ ಖನಿಜ. ಕೋಲಾರದ ಚಿನ್ನದ ಗಣಿಯ ಚಾಂಪಿಯನ್ ಅದಿರುಸಿರೆ ಇದರ ಮಾದರಿ ನೆಲೆ. ಅದೇ ಸಿರೆಯಲ್ಲಿ, ಅದೇ ಅಧ್ಯಯನದಲ್ಲಿ ಗುರುತಿಸಲಾದ ಇನ್ನೊಂದು ಖನಿಜ ಕೋಲಾರೈಟ್. ಇವೆರಡೂ ಸೀಸದ ಸರಳ ಟೆಲ್ಯೂರೈಡ್ ಆದ ಆಲ್ಟೈಟ್‌ನೊಂದಿಗೆ ಕಾಣಸಿಗುತ್ತವೆ. ಮೂರನ್ನೂ ಒಟ್ಟಿಗೆ ನೋಡಿದರೆ ಮಾತ್ರ ಒಂದೊಂದರ ರಚನೆ, ಹುಟ್ಟು ಅರ್ಥವಾಗುವುದರಿಂದ ಈ ಲೇಖನದಲ್ಲಿ ಮೂರನ್ನೂ ವಿವರಿಸಲಾಗಿದೆ.

ಪರಿಭಾಷೆ

ಲೋಹವೊಂದು ಆಮ್ಲಜನಕದ ನೆರವಿಲ್ಲದೆ ಟೆಲ್ಯೂರಿಯಂ ಜೊತೆ ನೇರವಾಗಿ ಕೂಡಿ ಆದ ಸಂಯುಕ್ತಕ್ಕೆ ಟೆಲ್ಯೂರೈಡ್ ಎಂದು ಹೆಸರು. ಟೆಲ್ಯೂರಿಯಂ ಮೊದಲು ಆಮ್ಲಜನಕದೊಂದಿಗೆ ಕೂಡಿ, ಆ ಗುಂಪು ಲೋಹದ ಜೊತೆ ಸೇರಿದರೆ ಅದು ಟೆಲ್ಯೂರೈಟ್ ಅಥವಾ ಟೆಲ್ಯೂರೇಟ್. ಮೊದಲನೆಯವು ನೆಲದ ಆಳದಲ್ಲಿ, ಗಾಳಿ ತಾಕದ ಕಡೆ ಹುಟ್ಟುತ್ತವೆ. ಎರಡನೆಯವು ಅದಿರು ಮೇಲಕ್ಕೆ ತೆರೆದುಕೊಂಡು ಶಿಥಿಲವಾದಾಗ ಉಂಟಾಗುತ್ತವೆ. ರಾಧಾಕೃಷ್ಣೈಟ್, ಕೋಲಾರೈಟ್‌ಗಳು ಆಮ್ಲಜನಕವಿಲ್ಲದ ಸಂಯುಕ್ತಗಳೇ ಆದರೂ ಕ್ಲೋರಿನ್ ಸೇರಿರುವುದರಿಂದ ಸರಳ ಟೆಲ್ಯೂರೈಡ್‌ಗಳಲ್ಲ. ಇವನ್ನು ಟೆಲ್ಯೂರೈಡ್-ಕ್ಲೋರೈಡ್‌ಗಳೆಂದು ಕರೆಯುವುದು ಸೂಕ್ತ. ಮಾದರಿ ನೆಲೆ ಎಂದರೆ ಹೊಸ ಖನಿಜವೊಂದನ್ನು ವಿವರಿಸಲು ಬಳಸಿದ ಮೊದಲ ಮಾದರಿ ದೊರೆತ ಸ್ಥಳ. ಮುಂದೆ ಅದೇ ಖನಿಜ ಬೇರೆಲ್ಲೇ ಸಿಕ್ಕರೂ ಹೋಲಿಸಿ ನೋಡಲು ಆಧಾರ ಈ ನೆಲೆಯ ಮಾದರಿಯೇ.

ಹೆಸರು ಮತ್ತು ಮನ್ನಣೆ

ಅಂತಾರಾಷ್ಟ್ರೀಯ ಖನಿಜಶಾಸ್ತ್ರ ಸಂಘದ ಹೊಸ ಖನಿಜಗಳ ಆಯೋಗ 1983ರಲ್ಲಿ ಈ ಎರಡು ಖನಿಜಗಳಿಗೂ ಮನ್ನಣೆ ನೀಡಿತು. ಎ. ಡಿ. ಗೆಂಕಿನ್, ಯು. ಜಿ. ಸಫೊನೊವ್, ವಿ. ಎನ್. ವಾಸುದೇವ್, ಬಿ. ಕೃಷ್ಣರಾವ್ ಮತ್ತು ಅವರ ಸಹೋದ್ಯೋಗಿಗಳು ಬರೆದ ವಿವರಣೆ 1985ರಲ್ಲಿ ಕೆನೇಡಿಯನ್ ಮಿನರಲಜಿಸ್ಟ್ ಪತ್ರಿಕೆಯ 23ನೇ ಸಂಪುಟದಲ್ಲಿ ಪ್ರಕಟವಾಯಿತು. ಸೋವಿಯತ್ ಒಕ್ಕೂಟ ಮತ್ತು ಭಾರತದ ಭೂವಿಜ್ಞಾನಿಗಳು ಕೂಡಿ ಮಾಡಿದ ಕೆಲಸವಿದು.

ಕೋಲಾರೈಟ್‌ಗೆ ಊರಿನ ಹೆಸರು ಬಂತು. ರಾಧಾಕೃಷ್ಣೈಟ್‌ಗೆ ಭೂವಿಜ್ಞಾನಿ ಬಿ. ಪಿ. ರಾಧಾಕೃಷ್ಣ (1918–2012) ಅವರ ಹೆಸರನ್ನಿಡಲಾಯಿತು. ಬೆಂಗಳೂರಿನವರಾದ ರಾಧಾಕೃಷ್ಣ ಮೈಸೂರು ಭೂವಿಜ್ಞಾನ ಇಲಾಖೆಯನ್ನು ಸೇರಿ ಮುಂದೆ ಅದರ ನಿರ್ದೇಶಕರಾದರು. 1958ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತೀಯ ಭೂವಿಜ್ಞಾನ ಸಂಘವನ್ನು ಕಟ್ಟಿ ಬೆಳೆಸಿದವರಲ್ಲಿ ಅವರು ಪ್ರಮುಖರು. ಅದರ ಪತ್ರಿಕೆಯ ಸಂಪಾದಕರಾಗಿ ದೀರ್ಘಕಾಲ ದುಡಿದರು. ಕರ್ನಾಟಕದ ಶಿಲೆಗಳ ಬಗ್ಗೆ ಅವರಷ್ಟು ವಿಸ್ತಾರವಾಗಿ ಬರೆದವರು ಕಡಿಮೆ. ಆ ಶಿಲೆಗಳಲ್ಲೇ ಹುಟ್ಟಿದ ಖನಿಜವೊಂದಕ್ಕೆ ಅವರ ಹೆಸರು ಸಂದಿರುವುದು ಉಚಿತವಾಗಿದೆ.

ಕರ್ನಾಟಕದ ಸ್ಥಳನಾಮ ಹೊತ್ತ ಖನಿಜದ ಹೆಸರು ಇದಕ್ಕೂ ಮುಂಚೆ ಇತ್ತು. ಬಾಬಾಬುಡನ್ ಗಿರಿಯ ನೀಲಿ ಆಂಫಿಬೋಲ್ ಖನಿಜವೊಂದನ್ನು ಭೂವಿಜ್ಞಾನಿ ಡಬ್ಲ್ಯು. ಎಫ್. ಸ್ಮೀತ್ 1908ರಲ್ಲಿ ಬಾಬಾಬುಡನೈಟ್ ಎಂದು ಕರೆದಿದ್ದರು. ಮುಂದೆ ಅದು ಮೆಗ್ನೀಷಿಯೊ-ರೀಬೆಕೈಟ್ ಎಂಬ ಖನಿಜದ ಒಂದು ಬಗೆಯೆಂದು ಸ್ಪಷ್ಟವಾಗಿ, ಆ ಹೆಸರು ಸ್ವತಂತ್ರ ಖನಿಜಗಳ ಪಟ್ಟಿಯಲ್ಲಿ ಉಳಿಯಲಿಲ್ಲ. ಕೋಲಾರೈಟ್ ಮತ್ತು ರಾಧಾಕೃಷ್ಣೈಟ್‌ಗಳ ಹೆಸರುಗಳು ಉಳಿದಿವೆ.

ಸೀಸವೂ ಟೆಲ್ಯೂರಿಯಮ್ಮೂ

ಭೂಮಿಯ ಹೊರಚಿಪ್ಪಿನಲ್ಲಿ ಸೀಸ ಒಂದು ಟನ್ ಶಿಲೆಗೆ ಹದಿನಾಲ್ಕು ಗ್ರಾಂನಷ್ಟಿದೆ. ಟೆಲ್ಯೂರಿಯಂ ಇರುವುದು ಟನ್ನಿಗೆ ಸುಮಾರು ಒಂದು ಮಿಲಿಗ್ರಾಂ ಮಾತ್ರ. ಚಿನ್ನದಷ್ಟೇ, ಕೆಲವು ಅಂದಾಜುಗಳ ಪ್ರಕಾರ ಚಿನ್ನಕ್ಕಿಂತಲೂ, ಇದು ವಿರಳ. ಫ್ರಾಂಜ್ ಯೋಸೆಫ್ ಮ್ಯೂಲರ್ 1782ರಲ್ಲಿ ಟ್ರಾನ್ಸಿಲ್ವೇನಿಯಾದ ಚಿನ್ನದ ಅದಿರಿನಲ್ಲಿ ಇದನ್ನು ಕಂಡುಹಿಡಿದರು. 1798ರಲ್ಲಿ ಮಾರ್ಟಿನ್ ಕ್ಲಾಪ್ರೋತ್ ಇದನ್ನು ಮೂಲವಸ್ತುವೆಂದು ದೃಢಪಡಿಸಿ ಹೆಸರಿಟ್ಟರು. ಮೊದಲು ಸಿಕ್ಕಿದ್ದೇ ಚಿನ್ನದ ಅದಿರಿನಲ್ಲಿ ಎಂಬುದು ಗಮನಾರ್ಹ: ಚಿನ್ನದೊಂದಿಗೆ ಸಹಜವಾಗಿ ಗಟ್ಟಿ ಸಂಯುಕ್ತಗಳನ್ನು ರಚಿಸುವ ಮೂಲವಸ್ತುಗಳು ಬಹಳ ಕಡಿಮೆ, ಅವುಗಳಲ್ಲಿ ಟೆಲ್ಯೂರಿಯಂ ಮುಖ್ಯವಾದುದು. ಕ್ಯಾಲವೆರೈಟ್, ಸಿಲ್ವನೈಟ್, ಕ್ರೆನ್ನರೈಟ್ ಇಂಥ ಸಂಯುಕ್ತಗಳು.

ಗಂಧಕ, ಸೆಲೆನಿಯಂ, ಟೆಲ್ಯೂರಿಯಂ ಒಂದೇ ಮನೆತನದವು. ಸೀಸ ಇವು ಮೂರರೊಂದಿಗೂ ಒಂದೇ ಬಗೆಯಲ್ಲಿ ಕೂಡುತ್ತದೆ. ಗಂಧಕದೊಡನೆ ಕೂಡಿದರೆ ಗಲೀನಾ, ಸೆಲೆನಿಯಂ ಜೊತೆ ಕ್ಲಾಸ್ತಲೈಟ್, ಟೆಲ್ಯೂರಿಯಂ ಜೊತೆ ಆಲ್ಟೈಟ್. ಗಂಧಕ ಎಲ್ಲೆಡೆ ಹೇರಳವಾಗಿರುವುದರಿಂದ ಗಲೀನಾ ಜಗತ್ತಿನ ಮುಖ್ಯ ಸೀಸದ ಅದಿರಾಯಿತು. ಆಲ್ಟೈಟ್ ಚಿನ್ನದ ಗಣಿಗಳ ಮೂಲೆಗಳಲ್ಲಿ ಸಿಗುವ ಅಪರೂಪದ ಖನಿಜವಾಗಿಯೇ ಉಳಿಯಿತು.

ಆಲ್ಟೈಟ್

ಒಂದು ಸೀಸದ ಪರಮಾಣುವಿಗೆ ಒಂದು ಟೆಲ್ಯೂರಿಯಂ ಪರಮಾಣು ಕೂಡಿ ಆದದ್ದು ಆಲ್ಟೈಟ್. ತೂಕದಲ್ಲಿ ಸೀಸ ಶೇ. 61.9, ಟೆಲ್ಯೂರಿಯಂ ಶೇ. 38.1. ಮಧ್ಯ ಏಷ್ಯಾದ ಆಲ್ಟಾಯ್ ಪರ್ವತಗಳಲ್ಲಿ, ಇಂದಿನ ಕಜಾಕಸ್ತಾನದ ಭಾಗದಲ್ಲಿ ದೊರೆತ ಮಾದರಿಗಳ ಆಧಾರದ ಮೇಲೆ ವಿಲ್‌ಹೆಲ್ಮ್ ಹೈಡಿಂಗರ್ 1845ರಲ್ಲಿ ಈ ಹೆಸರಿಟ್ಟರು.

ಇದರ ಸ್ಫಟಿಕ ರಚನೆ ಅಡುಗೆ ಉಪ್ಪಿನ ರಚನೆಯೇ: ಪ್ರತಿಯೊಂದು ಸೀಸದ ಪರಮಾಣುವಿನ ಸುತ್ತ ಆರು ಟೆಲ್ಯೂರಿಯಂ, ಪ್ರತಿಯೊಂದು ಟೆಲ್ಯೂರಿಯಂ ಸುತ್ತ ಆರು ಸೀಸ. ಟೆಲ್ಯೂರಿಯಂ ಪರಮಾಣು ಗಂಧಕದ್ದಕ್ಕಿಂತ ದೊಡ್ಡದಾದ್ದರಿಂದ ಗಲೀನಾದ ಏಕಕೋಶದ ಅಂಚು 5.94 ಆಂಗ್‌ಸ್ಟ್ರಾಂ ಇದ್ದರೆ ಆಲ್ಟೈಟ್‌ನದು 6.46 ಆಂಗ್‌ಸ್ಟ್ರಾಂ. ಕೋಶ ಹಿಗ್ಗಿದರೂ ಟೆಲ್ಯೂರಿಯಮ್ಮಿನ ಭಾರದಿಂದಾಗಿ ಸಾಂದ್ರತೆ ಹೆಚ್ಚು: ಗಲೀನಾದ್ದು ಘನ ಸೆಂ.ಮೀ.ಗೆ ಸುಮಾರು 7.6 ಗ್ರಾಂ, ಆಲ್ಟೈಟ್‌ನದು ಸುಮಾರು 8.2. ಗಡಸುತನ ಮೋಸ್ ಮಾನದಲ್ಲಿ 2.5ರಿಂದ 3, ತಾಮ್ರದ ತಂತಿಯಿಂದ ಗೀರು ಬೀಳುವಷ್ಟು ಮೆದು. ಘನಾಕಾರದ ಮೂರು ದಿಕ್ಕುಗಳಲ್ಲಿ ಚೊಕ್ಕವಾಗಿ ಸೀಳುತ್ತದೆ. ಹೊಸದಾಗಿ ಒಡೆದ ಮುಖ ತವರದಂಥ ಬಿಳುಪು, ತುಸು ಹಳದಿ ಛಾಯೆ. ಗಾಳಿಗೆ ಬಿಟ್ಟರೆ ಕಂಚಿನ ಬಣ್ಣಕ್ಕೆ ತಿರುಗುತ್ತದೆ. ಕಣ್ಣಿಗೆ ಗಲೀನಾದಂತೆಯೇ ಕಾಣುವ ಇದನ್ನು ಬೇರ್ಪಡಿಸಿ ಹೇಳಲು ಈ ಹಳದಿ ಛಾಯೆಯೇ ಮೊದಲ ಸುಳಿವು. ಪಶ್ಚಿಮ ಆಸ್ಟ್ರೇಲಿಯಾದ ಕಾಲ್ಗೂರ್ಲಿ, ಕೆನಡಾದ ಕಿರ್ಕ್‌ಲೆಂಡ್ ಲೇಕ್, ಅಮೆರಿಕದ ಕೊಲೊರಾಡೊ ಮತ್ತು ಕ್ಯಾಲಿಫೋರ್ನಿಯಾದ ಚಿನ್ನದ ಸೀಮೆಗಳು ಇದರ ಹೆಸರಾಂತ ನೆಲೆಗಳು.

ರಾಸಾಯನಿಕ ರಚನೆ

ಕೋಲಾರೈಟ್‌ನಲ್ಲಿ ಒಂದು ಸೀಸಕ್ಕೆ ಒಂದು ಟೆಲ್ಯೂರಿಯಂ, ಎರಡು ಕ್ಲೋರಿನ್. ತೂಕದ ಲೆಕ್ಕದಲ್ಲಿ ಸೀಸ ಶೇ. 51, ಟೆಲ್ಯೂರಿಯಂ ಶೇ. 31.5, ಕ್ಲೋರಿನ್ ಶೇ. 17.5ರಷ್ಟಾಗುತ್ತದೆ. ರಾಧಾಕೃಷ್ಣೈಟ್‌ನಲ್ಲಿ ಒಂದು ಸೀಸಕ್ಕೆ ಮೂರು ಟೆಲ್ಯೂರಿಯಂ. ಕ್ಲೋರಿನ್ ಮತ್ತು ಗಂಧಕ ಎರಡೂ ಸೇರಿ ಎರಡು ಪರಮಾಣು. ಗಂಧಕವನ್ನು ಬಿಟ್ಟು ಪೂರ್ತಿ ಕ್ಲೋರಿನ್ ಎಂದೇ ಲೆಕ್ಕ ಹಾಕಿದರೆ ಸೀಸ ಶೇ. 31, ಟೆಲ್ಯೂರಿಯಂ ಶೇ. 58, ಕ್ಲೋರಿನ್ ಶೇ. 11ರ ಸುತ್ತ ಬರುತ್ತದೆ. ಅಂದರೆ ಸೀಸದ ಖನಿಜವೆಂದು ಪಟ್ಟಿಯಾದರೂ ಇದರ ಅರ್ಧಕ್ಕಿಂತ ಹೆಚ್ಚು ತೂಕ ಟೆಲ್ಯೂರಿಯಮ್ಮಿನದೇ.

ವಿದ್ಯುದಂಶದ ಸರಳ ಲೆಕ್ಕ ಇಲ್ಲಿ ಒಂದು ಮುಖ್ಯ ಸಂಗತಿಯನ್ನು ತೋರಿಸುತ್ತದೆ. ಆಲ್ಟೈಟ್‌ನಲ್ಲಿ ಸೀಸದ ಎರಡು ಧನಾಂಶಗಳನ್ನು ಟೆಲ್ಯೂರಿಯಮ್ಮಿನ ಎರಡು ಋಣಾಂಶಗಳು ಸರಿದೂಗಿಸುತ್ತವೆ. ಕೋಲಾರೈಟ್‌ನಲ್ಲಿ ಆ ಕೆಲಸವನ್ನು ಎರಡು ಕ್ಲೋರಿನ್‌ಗಳೇ ಮುಗಿಸುತ್ತವೆ; ಟೆಲ್ಯೂರಿಯಮ್ಮಿಗೆ ಯಾವ ವಿದ್ಯುದಂಶವೂ ಉಳಿಯುವುದಿಲ್ಲ. ರಾಧಾಕೃಷ್ಣೈಟ್‌ನ ಮೂರು ಟೆಲ್ಯೂರಿಯಂಗಳ ಸ್ಥಿತಿಯೂ ಹೆಚ್ಚುಕಡಿಮೆ ಇದೇ. ಗಂಧಕ ಎಷ್ಟು ಸೇರುತ್ತದೋ ಅಷ್ಟರಮಟ್ಟಿಗೆ ಅವು ಧನಾಂಶದತ್ತ ವಾಲುತ್ತವೆ. ನಿಜವಾದ ಬಂಧಗಳಲ್ಲಿ ಎಲೆಕ್ಟ್ರಾನುಗಳು ಹಂಚಿಕೆಯಾಗಿರುತ್ತವೆ, ಇಷ್ಟು ಖಚಿತವಾಗಿ ಬೇರ್ಪಡುವುದಿಲ್ಲ. ಆದರೂ ಆಲ್ಟೈಟ್‌ನಿಂದ ಈ ಖನಿಜಗಳತ್ತ ಬರುವಾಗ ಟೆಲ್ಯೂರಿಯಂ ಎಲೆಕ್ಟ್ರಾನುಗಳನ್ನು ಕಳೆದುಕೊಂಡಿದೆ, ಅಂದರೆ ಆಕ್ಸಿಡೀಕರಣಗೊಂಡಿದೆ ಎಂಬುದು ಸ್ಪಷ್ಟ. ಆಮ್ಲಜನಕವೇ ಇಲ್ಲದ ಖನಿಜದಲ್ಲಿ ಆಕ್ಸಿಡೀಕರಣದ ಗುರುತು ಉಳಿದಿರುವುದು ಇವುಗಳ ವಿಶೇಷ.

ಗುರುತಿಸುವ ಬಗೆ

ಈ ಎರಡು ಖನಿಜಗಳ ಕಣಗಳು ಅತಿ ಸೂಕ್ಷ್ಮ. ಕೈಯಲ್ಲಿ ಹಿಡಿದ ಅದಿರಿನ ತುಂಡಿನಲ್ಲಿ ಇವನ್ನು ಬರಿಗಣ್ಣಿಗೆ ಗುರುತಿಸಲಾಗದು. ಅದಿರನ್ನು ಕೊಯ್ದು, ರಾಳದಲ್ಲಿ ಕೂರಿಸಿ, ಕನ್ನಡಿಯಂತೆ ಹೊಳಪು ಬರುವವರೆಗೆ ಉಜ್ಜಿ, ಪ್ರತಿಫಲಿತ ಬೆಳಕಿನ ಸೂಕ್ಷ್ಮದರ್ಶಕದಡಿ ನೋಡಬೇಕು. ಬೆಳಕನ್ನು ಹಾಯಗೊಡದ ಖನಿಜಗಳನ್ನು ಅಧ್ಯಯನ ಮಾಡುವ ಕ್ರಮವೇ ಇದು. ಆಗ ಆಲ್ಟೈಟ್ ಬೆಳ್ಳಗೆ ಥಳಥಳಿಸುತ್ತದೆ. ಅದರ ಜೊತೆಗಿರುವ ಕಣವೊಂದು ಬೇರೆ ಛಾಯೆಯಲ್ಲಿ ಕಂಡರೆ, ಅದು ಇನ್ನೇನೋ ಖನಿಜವೆಂಬ ಅನುಮಾನ ಹುಟ್ಟುವುದು ಅಲ್ಲಿಂದ.

ಅನುಮಾನವನ್ನು ಬಗೆಹರಿಸುವುದು ಎಲೆಕ್ಟ್ರಾನ್ ಮೈಕ್ರೋಪ್ರೋಬ್. ಸುಮಾರು ಒಂದು ಮೈಕ್ರಾನ್ ಅಗಲದ ಎಲೆಕ್ಟ್ರಾನ್ ಕಿರಣವನ್ನು ಕಣದ ಮೇಲೆ ಹರಿಸಿದಾಗ ಅದರಲ್ಲಿನ ಪ್ರತಿಯೊಂದು ಮೂಲವಸ್ತುವೂ ತನ್ನದೇ ತರಂಗಾಂತರದ ಕ್ಷ-ಕಿರಣವನ್ನು ಹೊಮ್ಮಿಸುತ್ತದೆ. ರಾಧಾಕೃಷ್ಣೈಟ್‌ನ ವಿಷಯದಲ್ಲಿ ಇದು ಸುಲಭದ ಕೆಲಸವಲ್ಲ. ಸೀಸದ ಒಂದು ಮುಖ್ಯ ಕ್ಷ-ಕಿರಣದ ಶಕ್ತಿ ಸುಮಾರು 2.34 ಕಿಲೊ ಎಲೆಕ್ಟ್ರಾನ್ ವೋಲ್ಟ್, ಗಂಧಕದ್ದು 2.31. ಎರಡೂ ಒಂದರ ಮೇಲೊಂದು ಬೀಳುವಷ್ಟು ಹತ್ತಿರ. ಸೀಸ ಇಷ್ಟು ಹೆಚ್ಚಿರುವ ಕಣದಲ್ಲಿ ಅಲ್ಪ ಗಂಧಕ ಇದೆಯೋ ಇಲ್ಲವೋ ಎಂದು ಹೇಳಲು ತರಂಗಾಂತರಗಳನ್ನು ಸೂಕ್ಷ್ಮವಾಗಿ ಬಿಡಿಸುವ ಸ್ಫಟಿಕ ಮಾಪಕ ಬೇಕು. ಶಕ್ತಿಯನ್ನಷ್ಟೇ ಅಳೆಯುವ ಸಾಧನ ಇಲ್ಲಿ ದಾರಿ ತಪ್ಪಿಸುತ್ತದೆ. ಕ್ಲೋರಿನ್ನಿನ ಕಿರಣ 2.62ರಲ್ಲಿ ಬರುವುದರಿಂದ ಅದನ್ನು ಗುರುತಿಸಲು ಈ ತೊಡಕಿಲ್ಲ. ಖನಿಜದ ಸೂತ್ರದಲ್ಲಿ ಗಂಧಕದ ಸ್ಥಾನ ನಿಶ್ಚಯವಾಗುವುದು ಇಂಥ ಎಚ್ಚರದ ಅಳತೆಯಿಂದಲೇ.

ಇನ್ನೊಂದು ತೊಡಕೂ ಇದೆ. ಸೀಸದ ಕ್ಲೋರೈಡ್ ನೀರಿನಲ್ಲಿ ಕರಗುವ ಗುಣದ್ದು. ತಣ್ಣೀರಿನಲ್ಲಿ ಸ್ವಲ್ಪ, ಕುದಿಯುವ ನೀರಿನಲ್ಲಿ ಅದರ ಮೂರು ಪಟ್ಟಿಗೂ ಹೆಚ್ಚು. ಕ್ಲೋರಿನ್ ಹೊತ್ತ ಸೀಸದ ಖನಿಜಗಳನ್ನು ಮಳೆ ಬೀಳುವ ಮೇಲ್ಮೈಯಲ್ಲಿ ಹುಡುಕಿ ಪ್ರಯೋಜನವಿಲ್ಲ. ಗಣಿಯ ಆಳದಿಂದ ಬಂದ ಹೊಸ ಅದಿರೇ ಬೇಕು.

ಮಾದರಿ ನೆಲೆ: ಚಾಂಪಿಯನ್ ಅದಿರುಸಿರೆ

ಕೋಲಾರದ ಷಿಸ್ಟ್ (ಪದರಗಲ್ಲು) ಪಟ್ಟಿ ಉತ್ತರ ದಕ್ಷಿಣವಾಗಿ ಸುಮಾರು 80 ಕಿ.ಮೀ. ಉದ್ದ, ಕೆಲವೇ ಕಿ.ಮೀ. ಅಗಲ. ಸುಮಾರು 270 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಮುಂದೆ ಶಾಖ, ಒತ್ತಡಗಳಿಗೆ ಸಿಕ್ಕಿ ಆಂಫಿಬೊಲೈಟ್ ಆಗಿ ಮಾರ್ಪಟ್ಟು ಈ ಪಟ್ಟಿಯ ಬಹುಭಾಗವಾಗಿದೆ. ಎರಡೂ ಪಕ್ಕದಲ್ಲಿ ಗ್ರಾನೈಟ್ ಮತ್ತು ನೈಸ್ ಶಿಲೆಗಳಿವೆ.

ಪಟ್ಟಿಯೊಳಗೆ ಸಮಾನಾಂತರವಾಗಿ ಹಲವು ಅದಿರುಸಿರೆಗಳಿವೆ. ಪಶ್ಚಿಮದವುಗಳಲ್ಲಿ ಗಂಧಕದ ಖನಿಜಗಳು ಹೆಚ್ಚು. ಪೂರ್ವದ ಚಾಂಪಿಯನ್ ಸಿರೆ ಮಾತ್ರ ಬಹುಮಟ್ಟಿಗೆ ಬೆಣಚುಕಲ್ಲು. ಗಂಧಕ ಕಡಿಮೆ, ಚಿನ್ನ ಬಿಡಿ ಲೋಹವಾಗಿಯೇ ಸಿಗುತ್ತದೆ. ದಕ್ಷಿಣದಿಂದ ಉತ್ತರಕ್ಕೆ ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಗಣಿಗಳು ಇದನ್ನೇ ಅನುಸರಿಸಿ ಇಳಿದವು. ಜಾನ್ ಟೇಲರ್ ಕಂಪನಿ 1880ರಲ್ಲಿ ಇಲ್ಲಿ ಆಧುನಿಕ ಗಣಿಗಾರಿಕೆಯನ್ನು ಆರಂಭಿಸಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದ ಮೇಲೆ ಕೆಲಸ ವೇಗ ಪಡೆಯಿತು. ಚಾಂಪಿಯನ್ ರೀಫ್ ಗಣಿ 3.2 ಕಿ.ಮೀ. ಆಳವನ್ನು ಮುಟ್ಟಿ ಜಗತ್ತಿನ ಅತಿ ಆಳದ ಗಣಿಗಳ ಸಾಲಿಗೆ ಸೇರಿತು. 2001ರ ಫೆಬ್ರವರಿ 28ರಂದು ಮುಚ್ಚುವವರೆಗೆ ಈ ಗಣಿಗಳಿಂದ ಬಂದ ಚಿನ್ನ ಸುಮಾರು 800 ಟನ್.

ಸಿರೆಯಲ್ಲಿ ಗಂಧಕ ಕಡಿಮೆ ಇದ್ದುದೇ ಇಲ್ಲಿ ನಿರ್ಣಾಯಕ. ಗಂಧಕ ಯಥೇಚ್ಛವಾಗಿದ್ದರೆ ಸೀಸವೆಲ್ಲ ಗಲೀನಾ ಆಗಿಬಿಡುತ್ತಿತ್ತು.

ಹುಟ್ಟು

ಈ ಖನಿಜಗಳ ಹುಟ್ಟನ್ನು ಎರಡು ಹಂತಗಳಲ್ಲಿ ಅರ್ಥಮಾಡಿಕೊಳ್ಳಬಹುದು.

ಮೊದಲ ಹಂತ ಆಲ್ಟೈಟ್‌ನದು. ಹಳೆಯ ಷಿಸ್ಟ್ ಪಟ್ಟಿಗಳ ಚಿನ್ನದ ಸಿರೆಗಳು ನೆಲದ ಆಳದಿಂದ ಬಿರುಕುಗಳಗುಂಟ ಮೇಲೇರಿದ ಬಿಸಿ ದ್ರವಗಳಿಂದ, ಬಹುತೇಕ 250ರಿಂದ 400 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ರೂಪುಗೊಂಡವು. ಇಂಥ ದ್ರವಗಳನ್ನು ಜಲೋಷ್ಣೀಯ ದ್ರವಗಳೆನ್ನುತ್ತಾರೆ. ನೀರು, ಇಂಗಾಲದ ಡೈಆಕ್ಸೈಡ್, ಸ್ವಲ್ಪ ಗಂಧಕ ಇವುಗಳ ಮುಖ್ಯ ಭಾಗ. ಇವುಗಳಲ್ಲಿ ಚಿನ್ನ ಸಾಮಾನ್ಯವಾಗಿ ಗಂಧಕದೊಂದಿಗೆ ಕೂಡಿದ ಸಂಕೀರ್ಣವಾಗಿ ಸಾಗುತ್ತದೆ. ಸೀಸ ಹೆಚ್ಚಾಗಿ ಕ್ಲೋರಿನ್ನನ್ನು ನೆಚ್ಚಿಕೊಳ್ಳುತ್ತದೆ. ದ್ರವ ಉಪ್ಪಾಗಿದ್ದಷ್ಟೂ ಅದು ಹೆಚ್ಚು ಸೀಸವನ್ನು ಕರಗಿಸಿ ಒಯ್ಯಬಲ್ಲದು. ದ್ರವ ತಣಿದಾಗ, ಕುದಿದು ಅನಿಲ ಬೇರ್ಪಟ್ಟಾಗ, ಅಥವಾ ಅಕ್ಕಪಕ್ಕದ ಕಬ್ಬಿಣಯುಕ್ತ ಶಿಲೆ ಗಂಧಕವನ್ನು ಹೀರಿಕೊಂಡು ಪಿರೊಟೈಟ್‌ನಂಥ ಖನಿಜವಾದಾಗ, ದ್ರವದಲ್ಲಿ ಉಳಿದದ್ದೆಲ್ಲ ನೆಲೆ ಹುಡುಕಬೇಕಾಗುತ್ತದೆ. ಗಂಧಕ ತೀರಿ ಟೆಲ್ಯೂರಿಯಂ ಉಳಿದಿದ್ದರೆ ಸೀಸ ಅದರೊಂದಿಗೆ ಕೂಡಿ ಆಲ್ಟೈಟ್ ಆಗುತ್ತದೆ. ಬೆಳ್ಳಿ ಇದ್ದರೆ ಹೆಸ್ಸೈಟ್ ಎಂಬ ಬೆಳ್ಳಿ ಟೆಲ್ಯೂರೈಡ್ ಉಂಟಾಗುತ್ತದೆ. ಗಂಧಕ ಮತ್ತು ಟೆಲ್ಯೂರಿಯಂಗಳ ಪರಸ್ಪರ ಪ್ರಮಾಣ ಗಲೀನಾ ಬರಬೇಕೋ ಆಲ್ಟೈಟ್ ಬರಬೇಕೋ ಎಂಬುದನ್ನು ನಿರ್ಧರಿಸುತ್ತದೆ. ಹೀಗಾಗಿ ಟೆಲ್ಯೂರೈಡ್‌ಗಳು ಸಾಮಾನ್ಯವಾಗಿ ಸಿರೆ ತುಂಬುವ ಕೊನೆಯ ಹಂತದವು.

ಎರಡನೆಯ ಹಂತ ಕ್ಲೋರಿನ್ನಿನದು. ಖನಿಜಶಾಸ್ತ್ರದ ದೃಷ್ಟಿಯಿಂದ ಕೋಲಾರವನ್ನು ಬೇರೆ ಚಿನ್ನದ ಸೀಮೆಗಳಿಂದ ಪ್ರತ್ಯೇಕಿಸುವುದು ಇದೇ. ಕ್ಲೋರಿನ್ ಸಾಮಾನ್ಯವಾಗಿ ಅದಿರನ್ನು ಸಾಗಿಸುವ ದ್ರವದಲ್ಲಿದ್ದು, ಲೋಹವನ್ನು ಇಳಿಸಿ ತಾನು ಮುಂದೆ ಹರಿದುಹೋಗುತ್ತದೆ. ಅದಿರಿನಲ್ಲಿ ತಾನೇ ಉಳಿಯುವುದು ಅಪರೂಪ. ಉಳಿಯಬೇಕಾದರೆ ದ್ರವದಲ್ಲಿ ಅದು ಬಹಳ ಸಾಂದ್ರವಾಗಿರಬೇಕು, ನೀರು ಕಡಿಮೆಯಿರಬೇಕು, ಬಂದ ಮೇಲೆ ಮತ್ತೆ ತಿಳಿನೀರು ಹಾಯ್ದು ತೊಳೆಯಬಾರದು. ಈ ಮೂರೂ ಒಟ್ಟಿಗೆ ಒದಗುವುದು ಕಷ್ಟ. ರಾಧಾಕೃಷ್ಣೈಟ್ ಅಪರೂಪವಾಗಿರುವುದಕ್ಕೆ ಟೆಲ್ಯೂರಿಯಮ್ಮಿನ ಕೊರತೆ ಒಂದು ಕಾರಣವಾದರೆ, ಈ ಮೂರು ನಿಬಂಧನೆಗಳು ಅದಕ್ಕಿಂತ ದೊಡ್ಡ ಕಾರಣ.

ಪರಮಾಣುಗಳ ಎಣಿಕೆ ಮಾಡಿದರೆ ಒಂದು ದಾರಿ ಕಾಣುತ್ತದೆ. ಆಲ್ಟೈಟ್‌ನಲ್ಲೂ ಕೋಲಾರೈಟ್‌ನಲ್ಲೂ ಸೀಸ, ಟೆಲ್ಯೂರಿಯಂ ಸಮ ಸಂಖ್ಯೆಯಲ್ಲಿವೆ. ಆದ್ದರಿಂದ ಆಲ್ಟೈಟ್‌ಗೆ ಎರಡು ಕ್ಲೋರಿನ್ ಕೂಡಿದರೆ, ಬೇರೆ ಯಾವುದನ್ನೂ ಕಳೆಯದೆ, ಕೋಲಾರೈಟ್‌ನ ಘಟಕಗಳು ಸಿದ್ಧ. ರಾಧಾಕೃಷ್ಣೈಟ್‌ನಲ್ಲಿ ಟೆಲ್ಯೂರಿಯಂ ಮೂರು ಪಟ್ಟು. ಅದಕ್ಕೆ ಹೊರಗಿನಿಂದ ಟೆಲ್ಯೂರಿಯಂ ಬರಬೇಕು, ಇಲ್ಲವೇ ಇದ್ದ ಸೀಸ ಹೊರಹೋಗಬೇಕು. ಮೂರು ಆಲ್ಟೈಟ್ ಘಟಕಗಳಿಗೆ ಆರು ಕ್ಲೋರಿನ್ ಪರಮಾಣುಗಳು ಸೇರಿ, ಎರಡು ಸೀಸಗಳು ಕ್ಲೋರೈಡ್ ಆಗಿ ಕರಗಿ ಹೋದರೆ ಉಳಿಯುವುದು ಒಂದು ಸೀಸ, ಮೂರು ಟೆಲ್ಯೂರಿಯಂ, ಎರಡು ಕ್ಲೋರಿನ್, ಲೆಕ್ಕ ಸರಿಹೊಂದುತ್ತದೆ. ಸೀಸ ಕ್ಲೋರೈಡ್ ಆಗಿ ಸುಲಭವಾಗಿ ಕರಗುವುದರಿಂದ ಈ ದಾರಿ ರಸಾಯನಶಾಸ್ತ್ರಕ್ಕೆ ಒಗ್ಗುತ್ತದೆ. ಕ್ಲೋರಿನ್ನಿನ ಜಾಗದಲ್ಲಿ ಒಂದಷ್ಟು ಗಂಧಕ ಸೇರಿರುವುದು, ಖನಿಜ ಹುಟ್ಟುವಾಗ ಸುತ್ತಲಿನ ದ್ರವದಲ್ಲಿ ಗಂಧಕ ಪೂರ್ತಿ ತೀರಿರಲಿಲ್ಲ ಎಂಬುದರ ಗುರುತು.

ಸಂಬಂಧಿ ಖನಿಜಗಳು

ಟೆಲ್ಯೂರಿಯಮ್ಮನ್ನು ಬಿಟ್ಟ ಸೀಸದ ಕ್ಲೋರೈಡ್ ನಿಸರ್ಗದಲ್ಲಿ ಕೊಟುನ್ನೈಟ್ ಎಂಬ ಖನಿಜವಾಗಿ ಸಿಗುತ್ತದೆ. ಇಟಲಿಯ ವೆಸುವಿಯಸ್ ಜ್ವಾಲಾಮುಖಿಯ ಹಬೆಗಂಡಿಗಳ ಅಂಚಿನಲ್ಲಿ ಅದು ಹೆಪ್ಪುಗಟ್ಟುತ್ತದೆ. ಸೂತ್ರವನ್ನಷ್ಟೇ ನೋಡಿದರೆ ಕೋಲಾರೈಟ್ ಎಂದರೆ ಕೊಟುನ್ನೈಟ್‌ಗೆ ಒಂದು ಟೆಲ್ಯೂರಿಯಂ ಸೇರಿದಂತೆ. ನಾಗಿಯಗೈಟ್ ಸೀಸ, ಚಿನ್ನ, ಟೆಲ್ಯೂರಿಯಂ, ಆಂಟಿಮನಿ, ಗಂಧಕಗಳ ಸಂಕೀರ್ಣ ಖನಿಜ. ರುಮೇನಿಯಾದ ಸಕರಂಬ್ ಇದರ ನೆಲೆ. ರಕ್ಲಿಜೈಟ್‌ನಲ್ಲಿ ಸೀಸದೊಂದಿಗೆ ಬಿಸ್ಮತ್ ಇದೆ. ಆಲ್ಟೈಟ್ ನೆಲದ ಮೇಲ್ಭಾಗದಲ್ಲಿ ಗಾಳಿ, ನೀರಿಗೆ ಸಿಕ್ಕಾಗ ಫೇರ್‌ಬ್ಯಾಂಕೈಟ್‌ನಂಥ ಸೀಸದ ಟೆಲ್ಯೂರೈಟ್‌ಗಳು ಉಂಟಾಗುತ್ತವೆ. ಅಮೆರಿಕದ ಕ್ಯಾಲಿಫೋರ್ನಿಯಾದ ಆಟೊ ಬೆಟ್ಟ ಮತ್ತು ಮೆಕ್ಸಿಕೊದ ಮೊಕ್ಟೆಜುಮಾ ಇಂಥವಕ್ಕೆ ಹೆಸರಾಗಿವೆ.

ಬಳ್ಳಾರಿ ಸೀಮೆ ಮತ್ತು ಪೂರ್ವ ಧಾರವಾಡ ಭೂಖಂಡ

ಕೋಲಾರದ ಪಟ್ಟಿ ಮತ್ತು ಬಳ್ಳಾರಿ ಸೀಮೆ ಎರಡೂ ಪೂರ್ವ ಧಾರವಾಡ ಎಂಬ ಪ್ರಾಚೀನ ಭೂಖಂಡಕ್ಕೆ ಸೇರಿವೆ. ಬಳ್ಳಾರಿ ನಗರದ ಮಧ್ಯೆ ಎದ್ದಿರುವ ಬಳ್ಳಾರಿ ಗುಡ್ಡ ಮತ್ತು ಕುಂಬಾರ ಗುಡ್ಡ, ಕುರುಗೋಡಿನ ಬೋಳು ಬಂಡೆಯ ಬೆಟ್ಟಗಳು ಈ ಭೂಖಂಡದ ಗ್ರಾನೈಟ್‌ಗಳು. ಸಿರುಗುಪ್ಪದತ್ತ ಹೋದಂತೆ ಅದೇ ನೆಲ ತುಂಗಭದ್ರೆ ಮತ್ತು ಹಗರಿಯ ಬಯಲಿನ ಕಪ್ಪು ಮಣ್ಣಿನಡಿ ಮರೆಯಾಗುತ್ತದೆ. ಭತ್ತದ ಗದ್ದೆಗಳ ನಡುವೆ ಅಲ್ಲಲ್ಲಿ ತಲೆಯೆತ್ತುವ ಬಂಡೆಗಳೇ ಅದರ ಗುರುತು. ಬಳ್ಳಾರಿಯ ಪಶ್ಚಿಮಕ್ಕೆ ಸಂಡೂರಿನ ಷಿಸ್ಟ್ ಪಟ್ಟಿಯಿದೆ. ಕೋಲಾರದಂತೆಯೇ ಹಳೆಯ ಲಾವಾ ಮತ್ತು ಅವಸಾದಗಳ ಪಟ್ಟಿಯಿದು. ಆದರೆ ಅದು ಹೆಸರಾದದ್ದು ಕಬ್ಬಿಣ, ಮ್ಯಾಂಗನೀಸ್‌ಗಳಿಗೆ. ಒಂದೇ ಭೂಖಂಡದ ಎರಡು ಪಟ್ಟಿಗಳಲ್ಲಿ ಒಂದು ಚಿನ್ನಕ್ಕೆ, ಇನ್ನೊಂದು ಕಬ್ಬಿಣಕ್ಕೆ ಹೆಸರಾಗಲು ಕಾರಣ ಅವುಗಳಲ್ಲಿ ಸೇರಿದ ಶಿಲೆಗಳ ಪ್ರಮಾಣ ಮತ್ತು ಮುಂದೆ ಅವುಗಳೊಳಗೆ ಹರಿದ ದ್ರವಗಳ ಸ್ವರೂಪ ಬೇರೆ ಬೇರೆಯಾಗಿದ್ದುದು.

ಈ ಖನಿಜದ ಅಧ್ಯಯನದ ಹಿನ್ನೆಲೆಗೂ ಬಳ್ಳಾರಿಗೂ ನಂಟಿದೆ. ದಕ್ಷಿಣ ಭಾರತದ ಷಿಸ್ಟ್ ಪಟ್ಟಿಗಳನ್ನು ಧಾರವಾಡ ವ್ಯವಸ್ಥೆ ಎಂದು ಕರೆದ ರಾಬರ್ಟ್ ಬ್ರೂಸ್ ಫೂಟ್ ಬಳ್ಳಾರಿ ಜಿಲ್ಲೆಯ ಭೂರಚನೆಯನ್ನು ಊರೂರು ಸುತ್ತಿ ದಾಖಲಿಸಿದರು. ಆ ಬೃಹತ್ ವರದಿ 1895ರಲ್ಲಿ ಪ್ರಕಟವಾಯಿತು.  1894ರಲ್ಲಿ ಮೈಸೂರು ಸಂಸ್ಥಾನ ಭೂವಿಜ್ಞಾನ ಇಲಾಖೆಯನ್ನು ತೆರೆದಾಗ ಅದರ ಆರಂಭದ ಕೆಲಸಕ್ಕೂ ಫೂಟ್ ನೆರವಾದರು. ಮುಂದೆ ರಾಧಾಕೃಷ್ಣ ದುಡಿದದ್ದು ಇದೇ ಇಲಾಖೆಯಲ್ಲಿ. ಅವರ ಮುಖ್ಯ ಸಂಶೋಧನೆ ಕ್ಲೋಸ್‌ಪೇಟೆ ಗ್ರಾನೈಟ್ ಕುರಿತದ್ದು. ಅದು 1956ರಲ್ಲಿ ಪುಸ್ತಕವಾಗಿ ಬಂತು. ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಳೆಯ ಹೆಸರು. ಆ ಸೀಮೆಯಿಂದ ಹೊರಟು ಉತ್ತರಕ್ಕೆ, ಬಳ್ಳಾರಿ–ಹಂಪಿ ಭಾಗದವರೆಗೆ ಸುಮಾರು 400 ಕಿ.ಮೀ. ಚಾಚಿರುವ ಈ ಗ್ರಾನೈಟ್ ಪಟ್ಟಿ ಸುಮಾರು 252 ಕೋಟಿ ವರ್ಷ ಹಳೆಯದು. ಪೂರ್ವ ಧಾರವಾಡದಲ್ಲಿ ಗ್ರಾನೈಟ್‌ಗಳು ವ್ಯಾಪಕವಾಗಿ ಉಕ್ಕಿಬಂದ ಕಾಲವೂ ಚಿನ್ನದ ಸಿರೆಗಳು ರೂಪುಗೊಂಡ ಕಾಲವೂ ಪರಸ್ಪರ ಹತ್ತಿರದವು. ಶಿಲೆ ಕರಗಿ ಗ್ರಾನೈಟ್ ಆಗುವ ಶಾಖವೇ ನೆಲದಾಳದ ನೀರನ್ನೂ ಚಲನೆಗೆ ತಂದಿರುವ ಸಾಧ್ಯತೆಯನ್ನು ಭೂವಿಜ್ಞಾನಿಗಳು ಪರಿಗಣಿಸುತ್ತಾರೆ.



ಉಪಯೋಗ

ಕೋಲಾರೈಟ್, ರಾಧಾಕೃಷ್ಣೈಟ್‌ಗಳನ್ನು ಅದಿರಾಗಿ ಬಳಸುವ ಪ್ರಶ್ನೆಯಿಲ್ಲ. ಸಿಗುವ ಪ್ರಮಾಣ ಅಷ್ಟು ಅಲ್ಪ. ಅವುಗಳ ಬೆಲೆಯಿರುವುದು ಸಾಕ್ಷ್ಯವಾಗಿ: ಚಿನ್ನದ ಸಿರೆಯ ಕೊನೆಯ ಹಂತದಲ್ಲಿ ಕ್ಲೋರಿನ್ ಸಾಂದ್ರವಾಗಿತ್ತು ಎಂಬುದನ್ನು ಇಷ್ಟು ನೇರವಾಗಿ ಹೇಳುವ ಖನಿಜ ಬೇರೆ ಸಿಗುವುದು ಕಷ್ಟ.

ಟೆಲ್ಯೂರಿಯಂ ಇರುವ ಅದಿರು ಚಿನ್ನ ತೆಗೆಯುವವರಿಗೆ ತಲೆನೋವು. ಟೆಲ್ಯೂರಿಯಂ ಜೊತೆ ಕೂಡಿದ ಚಿನ್ನ ಸೈನೈಡ್ ದ್ರಾವಣದಲ್ಲಿ ನಿಧಾನವಾಗಿ ಕರಗುತ್ತದೆ. ಕಾಲ್ಗೂರ್ಲಿಯಲ್ಲಿ ಅದಿರನ್ನು ಮೊದಲು ಹುರಿಯಬೇಕಾಯಿತು. ಕೋಲಾರದಲ್ಲಿ ಚಿನ್ನ ಬಹುತೇಕ ಬಿಡಿ ಲೋಹವಾಗಿದ್ದು, ಟೆಲ್ಯೂರಿಯಂ ಸೀಸ ಮೊದಲಾದವುಗಳ ಪಾಲಾದದ್ದರಿಂದ ಈ ತೊಂದರೆ ದೊಡ್ಡದಾಗಲಿಲ್ಲ.

ಆಲ್ಟೈಟ್‌ನ ಸಂಯುಕ್ತವನ್ನು, ಅಂದರೆ ಸೀಸದ ಟೆಲ್ಯೂರೈಡನ್ನು, ಕಾರ್ಖಾನೆಯಲ್ಲಿ ಶುದ್ಧವಾಗಿ ತಯಾರಿಸಲಾಗುತ್ತದೆ. 924 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಇದು ಅರೆವಾಹಕ. ಇದರ ಶಕ್ತಿ ಅಂತರ ಕೋಣೆಯ ಉಷ್ಣತೆಯಲ್ಲಿ ಸುಮಾರು 0.3 ಎಲೆಕ್ಟ್ರಾನ್ ವೋಲ್ಟ್. ಈ ಅಂತರ ಚಿಕ್ಕದಾದ್ದರಿಂದ ಅವಕೆಂಪು ಕಿರಣಗಳನ್ನು ಗ್ರಹಿಸುವ ಸಾಧನಗಳಿಗೆ ಇದು ಒಗ್ಗುತ್ತದೆ. ಒಂದು ತುದಿ ಬಿಸಿ, ಇನ್ನೊಂದು ತಂಪಾಗಿದ್ದಾಗ ವಿದ್ಯುತ್ತನ್ನು ಹುಟ್ಟಿಸುವ ಗುಣ ಇದರಲ್ಲಿ ಚೆನ್ನಾಗಿದೆ. ಉಷ್ಣವನ್ನು ನಿಧಾನವಾಗಿ, ವಿದ್ಯುತ್ತನ್ನು ಸರಾಗವಾಗಿ ಸಾಗಿಸುವುದರಿಂದ ಎರಡು ತುದಿಗಳ ಉಷ್ಣತೆ ಬೇಗ ಒಂದಾಗುವುದಿಲ್ಲ. 1976ರಲ್ಲಿ ಮಂಗಳ ಗ್ರಹದ ಮೇಲಿಳಿದ ವೈಕಿಂಗ್ ನೌಕೆಗಳು ಪ್ಲುಟೋನಿಯಂ ಶಾಖದಿಂದ ವಿದ್ಯುತ್ ಪಡೆದದ್ದು ಈ ವಸ್ತುವಿನ ಮೂಲಕ. 2012ರಲ್ಲಿ ಅಲ್ಲಿಗಿಳಿದ ಕ್ಯೂರಿಯಾಸಿಟಿ ಮತ್ತು 2021ರಲ್ಲಿ ಇಳಿದ ಪರ್ಸಿವರೆನ್ಸ್ ವಾಹನಗಳಲ್ಲಿಯೂ ಇದನ್ನೇ ಬಳಸಲಾಗಿದೆ. ಈ ಎರಡು ವಾಹನಗಳ ಒಂದೊಂದು ವಿದ್ಯುತ್ ಘಟಕದಲ್ಲಿ 768 ಉಷ್ಣಯುಗ್ಮಗಳಿದ್ದು, ಆರಂಭದಲ್ಲಿ ಸುಮಾರು 110 ವಾಟ್ ಕೊಡುತ್ತವೆ.

ಸೀಸದ ಟೆಲ್ಯೂರೈಡ್ ತಯಾರಿಸಲು ಬೇಕಾದ ಟೆಲ್ಯೂರಿಯಂ ಬರುವುದು ಆಲ್ಟೈಟ್ ಅದಿರಿನಿಂದಲ್ಲ. ತಾಮ್ರವನ್ನು ವಿದ್ಯುತ್ತಿನಿಂದ ಶುದ್ಧಗೊಳಿಸುವಾಗ ತೊಟ್ಟಿಯ ತಳದಲ್ಲಿ ಉಳಿಯುವ ಗಸಿಯೇ ಅದರ ಮುಖ್ಯ ಮೂಲ. ಸೀಸ ವಿಷ, ಟೆಲ್ಯೂರಿಯಂ ಕೂಡ ದೇಹಕ್ಕೆ ಹಾನಿಕರ, ಅಲ್ಪ ಪ್ರಮಾಣ ಒಳಸೇರಿದರೂ ಉಸಿರಿಗೆ ಬೆಳ್ಳುಳ್ಳಿ ವಾಸನೆ ಬರುತ್ತದೆ. ಈ ಖನಿಜಗಳ ಪುಡಿಯನ್ನು ಉಸಿರಾಡದಂತೆ ಎಚ್ಚರ ವಹಿಸಬೇಕು.

ಇಂದಿನ ಸ್ಥಿತಿ

ಕೋಲಾರದ ಗಣಿಗಳು ಮುಚ್ಚಿದ ಮೇಲೆ ಪಂಪುಗಳು ನಿಂತು, ಆಳದ ಸುರಂಗಗಳಲ್ಲಿ ನೀರು ತುಂಬಿದೆ. ಚಾಂಪಿಯನ್ ಸಿರೆಯ ಟೆಲ್ಯೂರೈಡ್ ಭಾಗಗಳಿಂದ ಹೊಸ ಮಾದರಿ ತೆಗೆಯಲು ಈಗ ಅವಕಾಶವಿಲ್ಲ. ಕೆ.ಜಿ.ಎಫ್. (ಕೋಲಾರ ಗೋಲ್ಡ್ ಫೀಲ್ಡ್ಸ್) ಪಟ್ಟಣದ ಅಂಚಿನ ಸೈನೈಡ್ ದಿಬ್ಬಗಳಲ್ಲಿ ಅರೆದು ಬಿಟ್ಟ ಕೋಟ್ಯಂತರ ಟನ್ ಅದಿರುಪುಡಿ ಬಿದ್ದಿದೆಯಾದರೂ, ಅರೆತ, ಸೈನೈಡ್ ಸಂಸ್ಕರಣೆ ಮತ್ತು ಒಂದು ಶತಮಾನದ ಮಳೆಯ ನಂತರ ಕ್ಲೋರಿನ್ ಹೊತ್ತ ಸೀಸದ ಖನಿಜ ಅಲ್ಲಿ ಉಳಿದಿರುವ ಸಂಭವ ಕಡಿಮೆ. ಆದ್ದರಿಂದ ಗಣಿ ನಡೆಯುತ್ತಿದ್ದಾಗ ಸಂಗ್ರಹಿಸಿ ಹೊಳಪು ಕೊಟ್ಟಿಟ್ಟ ಅದಿರಿನ ತುಂಡುಗಳೇ ಮುಂದಿನ ಅಧ್ಯಯನಕ್ಕೆ ಆಧಾರ. ಅವುಗಳನ್ನು ಒಣ ವಾತಾವರಣದಲ್ಲಿ ಕಾಪಾಡುವುದು ಅಗತ್ಯ.

ಕರ್ನಾಟಕದಲ್ಲಿ ಆಳದ ಚಿನ್ನದ ಗಣಿಗಾರಿಕೆ ಈಗ ಮುಖ್ಯವಾಗಿ ನಡೆಯುತ್ತಿರುವುದು ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ. ಅದು ಕೂಡ ಪೂರ್ವ ಧಾರವಾಡದ ಷಿಸ್ಟ್ ಪಟ್ಟಿಯೇ. ಅಲ್ಲಿಂದ ಹೊರಬರುವ ಅದಿರು ಹೊಸದು, ನೀರು ಸೋಕದ್ದು; ಸೀಸದ ಟೆಲ್ಯೂರೈಡ್‌ಗಳನ್ನೂ ಅವುಗಳ ಕ್ಲೋರಿನ್ ಬಂಧುಗಳನ್ನೂ ಹುಡುಕಿ ನೋಡಲು ತಕ್ಕ ನೆಲೆ ಇಂದು ಅದೇ.